ಸಾಮಾನ್ಯ ಜ್ಞಾನದ ತಯಾರಿ: ಹಳಸಿದ ಉತ್ತರ ಹೊರಗಿಟ್ಟು ಓದುವುದು ಹೇಗೆ?

ಸ್ಪರ್ಧಾತ್ಮಕ ಪರೀಕ್ಷೆಗೆ ನೀವು ಓದುವ ಗೈಡ್‌ನಲ್ಲಿ ‘ಭಾರತದಲ್ಲಿ 29 ರಾಜ್ಯ, 7 ಕೇಂದ್ರಾಡಳಿತ ಪ್ರದೇಶ’ ಎಂದಿದ್ದರೆ ಅದು 2019ರ ಅಕ್ಟೋಬರ್ 31ಕ್ಕೆ ಮೊದಲಿನ ಲೆಕ್ಕ. ‘28 ಮತ್ತು 9’ ಎಂದಿದ್ದರೆ ಆ ದಿನದಿಂದ 2020ರ ಜನವರಿ 25ರವರೆಗಿನ ಲೆಕ್ಕ. ಮೂರು ತಿಂಗಳೂ ಬಾಳಲಿಲ್ಲ. ದಾದ್ರಾ ಮತ್ತು ನಗರ ಹವೇಲಿ, ದಮನ್ ಮತ್ತು ದಿಯು ಒಂದಾದ ಮೇಲೆ ಉಳಿದದ್ದು 28 ಮತ್ತು 8. ಮೂರೂ ಒಂದೊಂದು ಕಾಲಕ್ಕೆ ಸರಿಯಾದ ಉತ್ತರಗಳೇ, ಮೂರೂ ಆಯ್ಕೆಗಳಾಗಿ ಒಂದೇ ಪ್ರಶ್ನೆಯ ಕೆಳಗೆ ಬಂದು ಕೂರಬಲ್ಲವು.

ಓದದೆ ಅಂಕ ಕಳೆದುಕೊಂಡರೆ ಸಮಾಧಾನ ಹೇಳಿಕೊಳ್ಳಬಹುದು. ಓದಿಯೂ ಕಳೆದುಕೊಂಡರೆ ಹೊಟ್ಟೆ ಉರಿಯುತ್ತದೆ. ಅದನ್ನು ತಪ್ಪಿಸುವ ಕ್ರಮ ಇಲ್ಲಿದೆ.

ಮೊದಲು ಅಧಿಸೂಚನೆ, ಆಮೇಲೆ ಪುಸ್ತಕ

‘ಸಾಮಾನ್ಯ ಜ್ಞಾನ’ ಎಂಬ ಹೆಸರು ಒಂದೇ, ತೂಕ ಬೇರೆ ಬೇರೆ. ಕೇಂದ್ರದ ಸಿಬ್ಬಂದಿ ನೇಮಕಾತಿ ಆಯೋಗ (ಎಸ್‌ಎಸ್‌ಸಿ) ಪದವೀಧರರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯ ಮೊದಲ ಹಂತದಲ್ಲಿ 100 ಪ್ರಶ್ನೆಗಳ ಪೈಕಿ 25 ಸಾಮಾನ್ಯ ಜ್ಞಾನದವು. ಸರಿ ಉತ್ತರಕ್ಕೆ 2 ಅಂಕ, ತಪ್ಪಿಗೆ ಅರ್ಧ ಅಂಕ ಕಡಿತ, ಇಡೀ ಪತ್ರಿಕೆಗೆ 60 ನಿಮಿಷ. ರೈಲ್ವೆಯ ತಾಂತ್ರಿಕೇತರ ಹುದ್ದೆಗಳ ಎನ್‌ಟಿಪಿಸಿ ಪರೀಕ್ಷೆಯ ಮೊದಲ ಹಂತದಲ್ಲಿ 100ಕ್ಕೆ 40, ಸಮಯ 90 ನಿಮಿಷ, ತಪ್ಪಿಗೆ ಮೂರನೇ ಒಂದು ಅಂಕ ಹೋಗುತ್ತದೆ. ರಾಜ್ಯದ ಪ್ರಥಮ ದರ್ಜೆ ಸಹಾಯಕ (ಎಫ್‌ಡಿಎ), ದ್ವಿತೀಯ ದರ್ಜೆ ಸಹಾಯಕ (ಎಸ್‌ಡಿಎ) ಪರೀಕ್ಷೆಗಳಲ್ಲಿ ಇದಕ್ಕೆಂದೇ ಪ್ರತ್ಯೇಕ ಪತ್ರಿಕೆ: 100 ಪ್ರಶ್ನೆ. ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆಯಲ್ಲಿ 100 ಪ್ರಶ್ನೆಗೆ 100 ಅಂಕ, ತಪ್ಪಿಗೆ 0.25 ಕಡಿತ. ನಿಯಮಗಳು ಒಂದು ನೇಮಕಾತಿಯಿಂದ ಇನ್ನೊಂದಕ್ಕೆ ಬದಲಾಗುವುದುಂಟು. ನೀವು ಅರ್ಜಿ ಹಾಕಿದ ಅಧಿಸೂಚನೆಯ ಪಠ್ಯಕ್ರಮದ ಪುಟವನ್ನು ಮುದ್ರಿಸಿ ಓದುವ ಮೇಜಿನ ಎದುರಿಗೆ ಅಂಟಿಸಿ.

ಕೇಂದ್ರದ ಪರೀಕ್ಷೆಗೆ ಓದುವವರು ಕರ್ನಾಟಕದ ಅಣೆಕಟ್ಟುಗಳ ಪಟ್ಟಿಯಲ್ಲಿ ವಾರ ಕಳೆಯುವುದೂ, ಪಂಚಾಯತ್ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹುದ್ದೆಗೆ ಓದುವವರು ವಿದೇಶಿ ಕರೆನ್ಸಿಗಳನ್ನು ಉರು ಹೊಡೆಯುವುದೂ ಒಂದೇ ಬಗೆಯ ನಷ್ಟ.

ಹಳೆಯ ಪತ್ರಿಕೆಗಳನ್ನು ಬಿಡಿಸಬೇಡಿ, ಬಗೆಯಿರಿ

ಅದೇ ಹುದ್ದೆಯ ಹಿಂದಿನ ಐದು ಪ್ರಶ್ನೆಪತ್ರಿಕೆ ತೆಗೆದುಕೊಳ್ಳಿ. ಉತ್ತರ ಬರೆಯುವ ಗೋಜಿಗೆ ಹೋಗದೆ ಪ್ರತಿ ಪ್ರಶ್ನೆಯ ಪಕ್ಕ ಎರಡು ಗುರುತು ಹಾಕಿ: ವಿಷಯ ಯಾವುದು, ಅದರ ಬಗ್ಗೆ ಕೇಳಿದ್ದು ಏನು. ‘ಸಂವಿಧಾನ’ ಎಂದಷ್ಟೇ ಬರೆದರೆ ಉಪಯೋಗವಿಲ್ಲ. ‘ಸಂವಿಧಾನ: ವಿಧಿಯ ಸಂಖ್ಯೆ’, ‘ಸಂವಿಧಾನ: ತಿದ್ದುಪಡಿಯ ವರ್ಷ’, ‘ಸಂವಿಧಾನ: ಅಧಿಕಾರ ಯಾರದು’ ಎಂದು ಬರೆಯಿರಿ. ಐನೂರು ಪ್ರಶ್ನೆ ಮುಗಿಯುವ ಹೊತ್ತಿಗೆ ಆ ಪರೀಕ್ಷೆಯವರು ಇಸವಿ ಕೇಳುತ್ತಾರೋ, ಕಾರಣ ಕೇಳುತ್ತಾರೋ, ಹೊಂದಿಸಿ ಬರೆಯಲು ಕೊಡುತ್ತಾರೋ ಕಾಣತೊಡಗುತ್ತದೆ. ಎರಡು ದಿನ ಹಿಡಿಯುವ ಈ ಕೆಲಸವನ್ನು ಬೇರೆಯವರು ಮಾಡಿಟ್ಟ ಪಟ್ಟಿ ನೋಡಿ ಮುಗಿಸಬೇಡಿ. ಗುರುತು ಹಾಕುವಾಗಲೇ ಅರ್ಧ ತಲೆಗೆ ಹೋಗುತ್ತದೆ.

ತಳಪಾಯಕ್ಕೆ 6ರಿಂದ 10ನೇ ತರಗತಿಯ ಸಮಾಜ ವಿಜ್ಞಾನ ಮತ್ತು ವಿಜ್ಞಾನ ಪಠ್ಯಪುಸ್ತಕಗಳು ಸಾಕು. ಅದರ ಮೇಲೆ ಒಂದು ಗೈಡ್. ಎರಡಲ್ಲ.

ಗಂಟು ಕಟ್ಟಿ ಓದುವುದು

ಬಿಡಿ ಬಿಡಿ ಸಂಗತಿಗಳು ಪರೀಕ್ಷೆಯ ಬೆಳಿಗ್ಗೆ ಕೈಕೊಡುತ್ತವೆ. ಒಂದಕ್ಕೊಂದು ಗಂಟು ಹಾಕಿಕೊಂಡವು ಉಳಿಯುತ್ತವೆ. ಪಿಡಿಒ ಪರೀಕ್ಷೆಗೆ ಪಂಚಾಯತ್‌ಗಳ ಕುರಿತ 73ನೇ ತಿದ್ದುಪಡಿಯನ್ನೇ ನೋಡಿ. ಸಂವಿಧಾನದ 9ನೇ ಭಾಗ, 243ರಿಂದ 243-ಒ ವರೆಗಿನ ವಿಧಿಗಳು, 11ನೇ ಅನುಸೂಚಿಯ 29 ವಿಷಯಗಳು. ಗ್ರಾಮಸಭೆ 243-ಎ. ಮೂರು ಹಂತಗಳ ರಚನೆ 243-ಬಿ. ಜನಸಂಖ್ಯೆ 20 ಲಕ್ಷ ಮೀರದ ರಾಜ್ಯಕ್ಕೆ ಮಧ್ಯದ ಹಂತ ಕಡ್ಡಾಯವಲ್ಲ. ಅವಧಿ 5 ವರ್ಷ, ವಿಸರ್ಜನೆಯಾದರೆ 6 ತಿಂಗಳೊಳಗೆ ಚುನಾವಣೆ. ಸ್ಪರ್ಧಿಸಲು 21 ವರ್ಷ. ರಾಜ್ಯ ಹಣಕಾಸು ಆಯೋಗ 243-ಐ, ರಾಜ್ಯ ಚುನಾವಣಾ ಆಯೋಗ 243-ಕೆ. ಮಹಿಳೆಯರಿಗೆ ಸಂವಿಧಾನ ಹೇಳುವುದು ಮೂರನೇ ಒಂದಕ್ಕೆ ಕಡಿಮೆಯಿಲ್ಲದ ಮೀಸಲು. ಕರ್ನಾಟಕದ ಕಾಯ್ದೆ ಕೊಟ್ಟಿರುವುದು ಅರ್ಧದಷ್ಟು. ಪ್ರಶ್ನೆಯಲ್ಲಿ ‘ಸಂವಿಧಾನದ ಪ್ರಕಾರ’ ಎಂದಿದೆಯೋ ‘ಕರ್ನಾಟಕದಲ್ಲಿ’ ಎಂದಿದೆಯೋ ನೋಡದೆ ಉತ್ತರಿಸಿದವರು ಇಲ್ಲಿ ಬೀಳುತ್ತಾರೆ.

ಇದರ ಪಕ್ಕದಲ್ಲೇ 74ನೆಯದನ್ನು ಇಡಿ: ನಗರಸಭೆಗಳು, ಭಾಗ 9-ಎ, 12ನೇ ಅನುಸೂಚಿ, 18 ವಿಷಯ. ಗೊಂದಲ ಹುಟ್ಟುವುದು 29 ಮತ್ತು 18ರ ನಡುವೆ. ಇನ್ನೊಂದು ಗೊಂದಲ ವರ್ಷದ್ದು. ಎರಡೂ 1992ರ ತಿದ್ದುಪಡಿಗಳು. ಜಾರಿಗೆ ಬಂದದ್ದು 1993ರ ಏಪ್ರಿಲ್ 24 ಮತ್ತು ಜೂನ್ 1. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ 61ನೇ ತಿದ್ದುಪಡಿಯಲ್ಲೂ ಇದೇ ತೊಡಕು: ಕಾಯ್ದೆ 1988ರದು, ಜಾರಿ 1989ರಲ್ಲಿ. ಜಿಎಸ್‌ಟಿಯ 101ನೇ ತಿದ್ದುಪಡಿ 2016ರದು, ತೆರಿಗೆ ಜಾರಿಯಾದದ್ದು 2017ರ ಜುಲೈ 1ರಂದು. ಟಿಪ್ಪಣಿಯಲ್ಲಿ ಪ್ರತಿ ಕಾಯ್ದೆಗೂ ‘ಅಂಗೀಕಾರ’ ಮತ್ತು ‘ಜಾರಿ’ ಎಂಬ ಎರಡು ಅಂಕಣ ಇಟ್ಟರೆ ಈ ಇಡೀ ಗೊಂದಲ ಅಲ್ಲಿಗೇ ಕಳಚಿಕೊಳ್ಳುತ್ತದೆ.

42ನೇ ತಿದ್ದುಪಡಿ ಪ್ರಸ್ತಾವನೆಗೆ ಸೇರಿಸಿದ್ದು ಮೂರು ಪದ. ಸಮಾಜವಾದಿ, ಜಾತ್ಯತೀತ ಎಂಬೆರಡು ಎಲ್ಲರಿಗೂ ನೆನಪು, ‘ಸಮಗ್ರತೆ’ಯನ್ನು ಮರೆಯುತ್ತಾರೆ. ‘ಸೇರಿಸದೆ ಇದ್ದ ಪದ ಯಾವುದು’ ಎಂಬ ಪ್ರಶ್ನೆ ಹುಟ್ಟುವುದು ಆ ಮರೆವಿನಿಂದ.

ಇತಿಹಾಸದಲ್ಲಿ ಗಂಟು ಕಟ್ಟಲು ಕಾರಣ ಹಿಡಿಯಬೇಕು. ಆಂಗ್ಲೋ-ಮೈಸೂರು ಯುದ್ಧಗಳು ನಾಲ್ಕು, ಒಪ್ಪಂದಗಳು ಮೂರು: 1769ರ ಮದ್ರಾಸ್, 1784ರ ಮಂಗಳೂರು, 1792ರ ಶ್ರೀರಂಗಪಟ್ಟಣ. ನಾಲ್ಕನೆಯ ಯುದ್ಧದಲ್ಲಿ, 1799ರ ಮೇ 4ರಂದು, ಟಿಪ್ಪು ಹೋರಾಡುತ್ತಲೇ ಮಡಿದ. ಒಪ್ಪಂದಕ್ಕೆ ಎದುರು ಪಕ್ಷವೇ ಉಳಿಯಲಿಲ್ಲ. ಮೊದಲ ಎರಡು ಒಪ್ಪಂದಗಳು ಗೆದ್ದ ನೆಲವನ್ನು ಪರಸ್ಪರ ಹಿಂದಿರುಗಿಸಿದವು, ಮೂರನೆಯದು ಅರ್ಧ ರಾಜ್ಯವನ್ನೇ ಕಿತ್ತುಕೊಂಡಿತು. ಎರಡನೆಯ ಯುದ್ಧದ ನಡುವೆ, 1782ರಲ್ಲಿ ಹೈದರ್ ತೀರಿಕೊಂಡ. ಆದ್ದರಿಂದ ಮಂಗಳೂರು ಒಪ್ಪಂದಕ್ಕೆ ಸಹಿ ಹಾಕಿದ್ದು ಹೈದರ್ ಅಲ್ಲ, ಟಿಪ್ಪು. ಇಷ್ಟು ಗೊತ್ತಿದ್ದರೆ ಹೊಂದಿಸಿ ಬರೆಯುವ ಪ್ರಶ್ನೆಗೆ ಕಂಠಪಾಠ ಬೇಕಿಲ್ಲ.

ಭೂಗೋಳಕ್ಕೆ ಬರೆಯುವ ಟಿಪ್ಪಣಿಗಿಂತ ಕೈಯಲ್ಲಿ ಎಳೆದ ನಕ್ಷೆ ಮೇಲು. ಖಾಲಿ ಕರ್ನಾಟಕದ ರೇಖಾಚಿತ್ರದ ಮೇಲೆ ಕೃಷ್ಣಾ ಎಳೆದು ಆಲಮಟ್ಟಿ, ನಾರಾಯಣಪುರ ಗುರುತಿಸಿ. ಘಟಪ್ರಭಾಕ್ಕೆ ಹಿಡಕಲ್, ಮಲಪ್ರಭಾಕ್ಕೆ ನವಿಲುತೀರ್ಥ. ಕಾವೇರಿಗೆ ಕೆಆರ್‌ಎಸ್, ಹೇಮಾವತಿಗೆ ಗೊರೂರು, ಕಬಿನಿಗೆ ಬೀಚನಹಳ್ಳಿ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ, ಭದ್ರೆ ಕೂಡಲಿಯಲ್ಲಿ ಸೇರುತ್ತವೆ. ಘಟ್ಟದಿಂದ ಪಶ್ಚಿಮಕ್ಕಿಳಿಯುವ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ವಾರಕ್ಕೊಮ್ಮೆ ನೋಡದೆ ಎಳೆದರೆ ನಾಲ್ಕನೇ ವಾರಕ್ಕೆ ನಕ್ಷೆ ಕಣ್ಣಿಗೆ ಕಟ್ಟಿರುತ್ತದೆ. ವಿಜ್ಞಾನಕ್ಕೆ ಇಷ್ಟು ಸಡಗರ ಬೇಕಿಲ್ಲ: ಜೀವಸತ್ವ ಮತ್ತು ಕೊರತೆಯ ರೋಗ, ಮಾನಗಳು, ಸಾಮಾನ್ಯ ರಾಸಾಯನಿಕಗಳ ಹೆಸರು, ದೇಹದ ಅಂಗಗಳು. ಉಳಿದದ್ದು ಪಠ್ಯಪುಸ್ತಕದ ಅಭ್ಯಾಸ ಪ್ರಶ್ನೆಗಳಲ್ಲೇ ಇದೆ.

ಪ್ರತಿ ಸಂಗತಿಗೂ ತಾರೀಖಿನ ಚೀಟಿ

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಟಿಪ್ಪಣಿ ಪುಸ್ತಕದಲ್ಲಿ ಬದಲಾಗಬಲ್ಲ ಸಂಗತಿಗಳಿಗೆಲ್ಲ ಅಂಚಿನಲ್ಲಿ ಪೆನ್ಸಿಲ್‌ನಿಂದ ‘ಯಾವಾಗಿನಿಂದ’ ಎಂದು ಬರೆಯಿರಿ. ಸಂಖ್ಯೆ, ಹೆಸರು, ‘ಅತಿ ದೊಡ್ಡ’, ‘ಇತ್ತೀಚಿನ’ ಎಂಬ ಮಾತಿದ್ದ ಕಡೆಯೆಲ್ಲ ಈ ಚೀಟಿ ಬೇಕು.

ಜನಗಣತಿಯನ್ನು ನೋಡಿ. 2011ರ ಲಿಂಗಾನುಪಾತ (ಸಾವಿರ ಪುರುಷರಿಗೆ ಎಷ್ಟು ಮಹಿಳೆಯರು) ಒಂದು ಪುಸ್ತಕದಲ್ಲಿ 940, ಇನ್ನೊಂದರಲ್ಲಿ 943. ಮೊದಲನೆಯದು ತಾತ್ಕಾಲಿಕ ಅಂಕಿ, ಎರಡನೆಯದು ಅಂತಿಮ. ಕರ್ನಾಟಕಕ್ಕೆ ಅದೇ ರೀತಿ 968 ಮತ್ತು 973. ಸಾಕ್ಷರತೆ ಶೇ 75.60 ಮತ್ತು ಶೇ 75.36. ಇಂಥ ಕಡೆ ಅಂತಿಮ ಅಂಕಿಯನ್ನೇ ಹಿಡಿಯಿರಿ. ಆಯ್ಕೆಗಳಲ್ಲಿ ತಾತ್ಕಾಲಿಕ ಅಂಕಿ ಮಾತ್ರ ಇದ್ದರೆ ಪ್ರಶ್ನೆ ಯಾವ ಕಾಲದ ಪುಸ್ತಕದಿಂದ ಬಂದಿದೆಯೆಂದು ತಿಳಿದು ಅದನ್ನು ಗುರುತಿಸಬಹುದು. ಎರಡೂ ಗೊತ್ತಿದ್ದವರಿಗೆ ಮಾತ್ರ ಈ ಅನುಕೂಲ.

ಪೊಲೀಸ್ ಹುದ್ದೆಗೆ ಓದುವವರು ಹಳೆಯ ಪುಸ್ತಕದ ಕಾನೂನು ಅಧ್ಯಾಯವನ್ನು ಹಾಗೇ ನಂಬುವಂತಿಲ್ಲ. 2024ರ ಜುಲೈ 1ರಿಂದ 511 ಕಲಂಗಳ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಯ ಶಿಕ್ಷೆ 302ರಿಂದ 103ಕ್ಕೆ, ವಂಚನೆ 420ರಿಂದ 318ಕ್ಕೆ, ಕಳವು 379ರಿಂದ 303ಕ್ಕೆ ಹೋಗಿವೆ. ಹಳೆಯ ಮತ್ತು ಹೊಸ ಸಂಖ್ಯೆಯನ್ನು ಒಂದೇ ಸಾಲಿನಲ್ಲಿ ಬರೆದುಕೊಳ್ಳಿ. ಜನರ ಬಾಯಲ್ಲಿ 420 ಇನ್ನೂ ಬಹುಕಾಲ ಉಳಿಯುತ್ತದೆ, ಪ್ರಶ್ನೆಪತ್ರಿಕೆಯಲ್ಲಿ ಅದು ಆಮಿಷದ ಆಯ್ಕೆಯಾಗಿರುತ್ತದೆ.

ಶಾಸ್ತ್ರೀಯ ಭಾಷೆಗಳು ‘ಆರು’ ಎಂಬುದು 2014ರಲ್ಲಿ ಒಡಿಯಾ ಸೇರಿದಾಗಿನ ಮಾತು. 2024ರ ಅಕ್ಟೋಬರ್‌ನಲ್ಲಿ ಮರಾಠಿ, ಬಂಗಾಳಿ, ಅಸ್ಸಾಮಿ, ಪಾಲಿ, ಪ್ರಾಕೃತ ಸೇರಿ 11 ಆಗಿವೆ. ಭಾರತದ ಕರಾವಳಿಯ ಉದ್ದ 7,516 ಕಿ.ಮೀ. ಎಂದು ತಲೆಮಾರುಗಳೇ ಓದಿವೆ. ಮರು ಅಳತೆಯ ನಂತರದ ಸರ್ಕಾರಿ ಅಂಕಿ 11,098 ಕಿ.ಮೀ.ಗೂ ಹೆಚ್ಚು. ಸಮುದ್ರ ಬೆಳೆದಿಲ್ಲ, ಕೊಲ್ಲಿ-ಕೋಡಿಗಳನ್ನು ಹೆಚ್ಚು ಸೂಕ್ಷ್ಮವಾಗಿ ಅಳೆದಿದ್ದಾರೆ. ನಮ್ಮ ರಾಜ್ಯದಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ 31ನೇ ಜಿಲ್ಲೆಯಾದದ್ದು 2021ರಲ್ಲಿ. ಹಾಗಾಗಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371-ಜೆ ವಿಧಿ ಅನ್ವಯಿಸುವ ಜಿಲ್ಲೆಗಳು ಆರಲ್ಲ, ಏಳು. ರಾಮನಗರ ಜಿಲ್ಲೆ 2025ರಲ್ಲಿ ಬೆಂಗಳೂರು ದಕ್ಷಿಣವಾಯಿತು, ಆದರೆ ಜಿಲ್ಲೆಗಳ ಸಂಖ್ಯೆ ಏರಲಿಲ್ಲ.

ಪ್ರಚಲಿತ ವಿದ್ಯಮಾನ: ಸುದ್ದಿಯಲ್ಲ, ಸುದ್ದಿಯ ಬೇರು

ದಿನಕ್ಕೆ ಅರ್ಧ ಗಂಟೆ, ಪರೀಕ್ಷೆಗೆ ಹಿಂದಿನ ಒಂದು ವರ್ಷದ ವ್ಯಾಪ್ತಿ ಸಾಕು. ರಾಜಕೀಯ ಹೇಳಿಕೆ, ಅಪಘಾತ, ಅಪರಾಧ ಬಿಡಿ. ನೇಮಕ, ಪ್ರಶಸ್ತಿ, ಯೋಜನೆ, ಕಾಯ್ದೆ, ಕ್ರೀಡೆ, ಬಾಹ್ಯಾಕಾಶ, ಬಜೆಟ್ ಇವುಗಳಿಗಷ್ಟೇ ಪುಟ ತೆರೆಯಿರಿ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬುಕರ್ ಬಂತು. ಇಷ್ಟೇ ಬರೆದರೆ ಒಂದು ಪ್ರಶ್ನೆ. ಬೇರು ಹಿಡಿದರೆ ಕಡಿಮೆಯೆಂದರೂ ಐದು: ಅನುವಾದಕಿ ದೀಪಾ ಭಾಸ್ತಿ, ಕೃತಿ ‘ಹಾರ್ಟ್ ಲ್ಯಾಂಪ್’, ಕನ್ನಡಕ್ಕೆ ಇದು ಮೊದಲು, ಸಣ್ಣಕಥೆಗಳ ಸಂಕಲನವೊಂದಕ್ಕೂ ಮೊದಲು, 50,000 ಪೌಂಡ್ ಬಹುಮಾನ ಲೇಖಕಿ ಮತ್ತು ಅನುವಾದಕಿಯ ನಡುವೆ ಸಮಪಾಲು. ಭಾರತೀಯ ಭಾಷೆಗೆ ಮೊದಲು ಈ ಪ್ರಶಸ್ತಿ ತಂದದ್ದು 2022ರಲ್ಲಿ ಹಿಂದಿಯ ಗೀತಾಂಜಲಿ ಶ್ರೀ. ‘ಬುಕರ್’ ಬೇರೆ, ‘ಅಂತರರಾಷ್ಟ್ರೀಯ ಬುಕರ್’ ಬೇರೆ. ಮೊದಲನೆಯದು ಇಂಗ್ಲಿಷ್‌ನಲ್ಲೇ ಬರೆದ ಕಾದಂಬರಿಗೆ, ಎರಡನೆಯದು ಇಂಗ್ಲಿಷ್‌ಗೆ ಅನುವಾದಗೊಂಡ ಕೃತಿಗೆ. ತಪ್ಪು ಆಯ್ಕೆಗಳು ಹುಟ್ಟುವುದು ಈ ಸಂದಿನಲ್ಲಿ.

ಓದಿದ್ದನ್ನು ಅದೇ ರಾತ್ರಿ, ಮೂರನೇ ದಿನ, ಏಳನೇ ದಿನ, ಇಪ್ಪತ್ತೊಂದನೇ ದಿನ ಪುಸ್ತಕ ಮುಚ್ಚಿ ಹೇಳಿಕೊಳ್ಳಿ. ಮತ್ತೆ ಮತ್ತೆ ಓದಿದರೆ ಪುಟದ ಪರಿಚಯ ಆಗುತ್ತದೆ. ಅದನ್ನೇ ಉತ್ತರ ಗೊತ್ತಿದೆಯೆಂದು ನಂಬಿ ಮೋಸ ಹೋಗುತ್ತೇವೆ.

ಊಹೆಯ ಲೆಕ್ಕ

ನಾಲ್ಕು ಆಯ್ಕೆಗಳ, ತಲಾ 1 ಅಂಕದ 12 ಪ್ರಶ್ನೆಗಳಿಗೆ ಕಣ್ಣುಮುಚ್ಚಿ ಗುರುತು ಹಾಕಿದರೆ ಸರಾಸರಿ 3 ಸರಿ, 9 ತಪ್ಪು. ತಪ್ಪಿಗೆ ಕಾಲು ಅಂಕ ಕಡಿತವಿದ್ದರೆ ಉಳಿಯುವುದು 0.75, ಮೂರನೇ ಒಂದು ಕಡಿತವಿದ್ದರೆ ಸೊನ್ನೆ. ಒಂದು ಆಯ್ಕೆಯನ್ನು ಖಚಿತವಾಗಿ ತಳ್ಳಿಹಾಕಿದರೆ 4 ಸರಿ, 8 ತಪ್ಪು: ಕಾಲು ಕಡಿತದಲ್ಲಿ 2 ಅಂಕ, ಮೂರನೇ ಒಂದರಲ್ಲಿ 1.33. ಎರಡನ್ನು ತಳ್ಳಿಹಾಕಿದರೆ ಕ್ರಮವಾಗಿ 4.5 ಮತ್ತು 4. ಆದ್ದರಿಂದ ಎರಡು ಆಯ್ಕೆ ಹೋದ ಪ್ರಶ್ನೆಯನ್ನು ಬಿಡಬೇಡಿ. ಏನೂ ಗೊತ್ತಿಲ್ಲದ್ದನ್ನು ಬಿಡುವುದೇ ಲೇಸು, ಏಕೆಂದರೆ ಪ್ರಶ್ನೆ ತೆಗೆಯುವವರು ಅರೆಬರೆ ತಿಳಿದವರ ಕಣ್ಣಿಗೆ ಚೆಂದ ಕಾಣುವ ತಪ್ಪನ್ನೇ ಇಟ್ಟಿರುತ್ತಾರೆ. ಈ ಸರಾಸರಿ ಅಲ್ಲಿ ನಡೆಯುವುದಿಲ್ಲ.

ಹೇಳಿಕೆಗಳ ಪ್ರಶ್ನೆಯಲ್ಲಿ ಖಚಿತವಾಗಿ ಗೊತ್ತಿರುವ ಹೇಳಿಕೆಯಿಂದ ಶುರುಮಾಡಿ. ಎರಡನೇ ಹೇಳಿಕೆ ತಪ್ಪೆಂದು ತಿಳಿದರೆ ಅದನ್ನು ಒಳಗೊಂಡ ಆಯ್ಕೆಗಳೆಲ್ಲ ಉದುರುತ್ತವೆ. ‘ಸರಿಯಲ್ಲದ್ದು’ ಎಂಬ ಪದದ ಕೆಳಗೆ ಗೆರೆ ಎಳೆಯಿರಿ. ಕನ್ನಡ ವಾಕ್ಯ ಅಸ್ಪಷ್ಟವೆನಿಸಿದರೆ ಇಂಗ್ಲಿಷ್ ರೂಪವನ್ನೂ ಓದಿ; ಎರಡರ ನಡುವೆ ವ್ಯತ್ಯಾಸವಿದ್ದಾಗ ಯಾವುದು ಅಂತಿಮ ಎಂಬುದನ್ನು ಪತ್ರಿಕೆಯ ಸೂಚನೆಗಳಲ್ಲಿ ನೋಡಿ. ಉತ್ತರದ ವೃತ್ತ ತುಂಬುವ ಓಎಂಆರ್ ಹಾಳೆಯಲ್ಲಿ ನೋಂದಣಿ ಸಂಖ್ಯೆ ಮತ್ತು ಪತ್ರಿಕೆಯ ಶ್ರೇಣಿಯನ್ನು (ಎ, ಬಿ, ಸಿ, ಡಿ) ಮೊದಲೇ ತುಂಬಿ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಹಾಳೆಯಲ್ಲೂ ಆ ಸಾಲು ಬಿಟ್ಟಿದ್ದೀರಾ ಎಂದು ಹತ್ತು ಪ್ರಶ್ನೆಗೊಮ್ಮೆ ನೋಡಿ. ಒಂದು ಸಾಲು ಜಾರಿದರೆ ಅಲ್ಲಿಂದ ಕೆಳಗಿನದೆಲ್ಲ ತಪ್ಪು.

ಪರೀಕ್ಷೆಯ ನಂತರ ತಾತ್ಕಾಲಿಕ ಕೀ ಉತ್ತರ ಬಂದಾಗ ಆಕ್ಷೇಪಣೆಗೆ ಸಿಗುವುದು ಕೆಲವೇ ದಿನ. ಪಠ್ಯಪುಸ್ತಕದ ಪುಟ, ಕಾಯ್ದೆಯ ಕಲಂ, ರಾಜ್ಯಪತ್ರ, ಇಲಾಖೆಯ ವರದಿ ಇವುಗಳ ಪ್ರತಿ ಲಗತ್ತಿಸಿ, ಪ್ರಶ್ನೆ ಸಂಖ್ಯೆಯನ್ನು ಶ್ರೇಣಿಯೊಂದಿಗೆ ಬರೆಯಿರಿ. ಗೈಡ್‌ನ ಪುಟವನ್ನೋ ಮೊಬೈಲ್‌ನಲ್ಲಿ ಹರಿದಾಡಿದ ಚಿತ್ರವನ್ನೋ ಪುರಾವೆಯಾಗಿ ಕಳಿಸಿದರೆ ಆ ಆಕ್ಷೇಪಣೆ ನಿಲ್ಲುವುದು ಕಷ್ಟ.