ಧರೆ ಜಾರಿದ್ದು ಯಾವಾಗ? ಮರಗಳನ್ನೇ ಕೇಳಿ

ಸಿಯಾಟಲ್‌ನ ಡಿಸ್ಕವರಿ ಪಾರ್ಕ್‌ನಿಂದ ದಕ್ಷಿಣದ ಕಡಲದಂಡೆಗೆ ಇಳಿದು, ನೀರಿಗೆ ಬೆನ್ನು ಹಾಕಿ ನಿಂತರೆ ಎದುರಿಗೆ ಎತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಒಂದಷ್ಟು ಭಾಗ ಬೋಳು ಮರಳು, ಇನ್ನೊಂದಷ್ಟು ದಟ್ಟ ಹಸಿರು. ಬೋಳು ಕಂಡಲ್ಲಿ ‘ಇಲ್ಲಿ ಕುಸಿದಿದೆ’ ಎನ್ನುತ್ತೇವೆ, ಹಸಿರು ಕಂಡಲ್ಲಿ ‘ಇದು ಗಟ್ಟಿ ನೆಲ’ ಎನ್ನುತ್ತೇವೆ. ಎರಡನೆಯ ಮಾತು ಬಹಳ ಸಲ ಸುಳ್ಳಾಗುತ್ತದೆ. ವಾಷಿಂಗ್ಟನ್ ರಾಜ್ಯದೊಳಗೆ ಚಾಚಿದ ಪ್ಯೂಜೆಟ್ ಸೌಂಡ್ ಎಂಬ ಕಡಲಚಾಚಿನ ಸುತ್ತಮುತ್ತ ಡಗ್ಲಾಸ್ ಫರ್, ಸೀಡರ್, ಹೆಮ್ಲಾಕ್‌ನಂಥ ಸೂಜಿ ಎಲೆಯ, ನಿತ್ಯಹಸಿರು ಮರಗಳದ್ದೇ ರಾಜ್ಯಭಾರ. ಅವುಗಳ ನಡುವೆ ಕಡಲ ಧರೆಯ ಮೇಲೆ ಎಲೆ ಉದುರಿಸುವ ಮರಗಳದ್ದೇ ಒಂದು ಪಟ್ಟಿ ಕಂಡರೆ, ಆ ನೆಲ ಹಿಂದೆಂದೋ ಜಾರಿರಬಹುದೆಂದು ಅನುಮಾನಿಸಬೇಕು. ಆ ಅನುಮಾನವನ್ನು ಪರೀಕ್ಷಿಸುವ ಕ್ರಮ ಇಲ್ಲಿದೆ.

ಹೊರಡುವ ಮುನ್ನ

ಏಪ್ರಿಲ್ ಒಳ್ಳೆಯ ತಿಂಗಳು. ಚಳಿಗಾಲದಲ್ಲಿ ಕಡಲಿನ ದೊಡ್ಡ ಇಳಿತಗಳೆಲ್ಲ ರಾತ್ರಿ ಹೊತ್ತು ಬರುತ್ತವೆ. ವಸಂತದಿಂದ ಹಗಲಿಗೆ ಸರಿಯುತ್ತವೆ. ಎಲೆಯೂ ಇನ್ನೂ ಪೂರ್ತಿ ಮುಚ್ಚಿರುವುದಿಲ್ಲ, ಕಾಂಡಗಳ ಆಕಾರ ಕಾಣುತ್ತದೆ. ಇಳಿತದ ವೇಳಾಪಟ್ಟಿ ನೋಡಿಕೊಂಡೇ ಹೋಗಿ, ಧರೆಯ ಬುಡಕ್ಕೆ ಅಂಟಿಕೊಂಡು ನಡೆಯಬೇಡಿ. ಮಳೆ ಹಿಡಿದ ದಿನಗಳಲ್ಲಿ ಹೋಗಲೇಬೇಡಿ. ಸಿಯಾಟಲ್‌ನ ಕುಸಿತಗಳನ್ನು ಅಂದಾಜಿಸಲು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆ ಕೊನೆಯ 3 ದಿನದ ಮಳೆಯನ್ನು ಅದಕ್ಕೂ ಹಿಂದಿನ 15 ದಿನದ ಮಳೆಯ ಜೊತೆ ಸೇರಿಸಿ ನೋಡುತ್ತದೆ. ಇವತ್ತು ಬಿಸಿಲಿದೆ ಎಂಬ ಧೈರ್ಯ ಸಾಲದು. 1997ರ ಜನವರಿ 15ರಂದು ಸಿಯಾಟಲ್‌ನ ಉತ್ತರಕ್ಕಿರುವ ವುಡ್‌ವೇಯಲ್ಲಿ ಜಾರಿದ ಧರೆ, ಕೆಳಗೆ ಹೋಗುತ್ತಿದ್ದ ಸರಕು ರೈಲಿನ ಬೋಗಿಗಳನ್ನು ಕಡಲಿಗೆ ತಳ್ಳಿತ್ತು.

ಮೊದಲು ಮಣ್ಣಿನ ಪದರ

ಗಿಡ ನೋಡುವ ಮೊದಲು ಬೋಳು ಭಾಗವನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಳ್ಳಿ. ಕೊನೆಯ ಹಿಮಯುಗದಲ್ಲಿ ಈ ಊರಿನ ಮೇಲೆ ಸುಮಾರು 900 ಮೀಟರ್ ದಪ್ಪದ ಹಿಮನದಿ ಕೂತಿತ್ತು. ಅದು ಹಿಂದೆ ಸರಿದು ಸುಮಾರು 16,000 ವರ್ಷಗಳಾದವು. ಬರುವಾಗ ಅದು ನೀರು ಹೊರಹೋಗುವ ಉತ್ತರದ ದಾರಿಗೆ ಅಡ್ಡ ನಿಂತಿದ್ದರಿಂದ ನೀರು ಸರೋವರವಾಗಿ ನಿಂತು, ತಳದಲ್ಲಿ ನುಣ್ಣನೆ ಜೇಡಿ ಕೂತಿತು. ಅದೇ ಲಾಟನ್ ಜೇಡಿ. ಅದರ ಮೇಲೆ ಹಿಮನದಿಯ ಮುಂದೆ ಹರಿದ ನೀರು ತಂದು ಸುರಿದ ಎಸ್ಪರೆನ್ಸ್ ಮರಳು. ಅದರ ಮೇಲೆ ಹಿಮದ ಭಾರಕ್ಕೆ ಕಾಂಕ್ರೀಟಿನಂತೆ ಗಟ್ಟಿಯಾದ ಕಲ್ಲುಮಣ್ಣು.

ಮಳೆ ನೀರು ಮರಳಿನಲ್ಲಿ ಸಲೀಸಾಗಿ ಇಳಿಯುತ್ತದೆ, ಜೇಡಿಗೆ ಬಂದು ನಿಲ್ಲುತ್ತದೆ. ಕೆಳಗೆ ದಾರಿಯಿಲ್ಲದೆ ಅಡ್ಡಕ್ಕೆ ಹರಿದು ಧರೆಯ ಮುಖದಲ್ಲಿ ಒರತೆಯಾಗಿ ಜಿನುಗುತ್ತದೆ. ಮರಳು ಜೇಡಿಯ ಮೇಲೆ ಕೂತ ಆ ಗೆರೆಯಲ್ಲೇ ಜಾರುವುದು ಹೆಚ್ಚು.

ಬಳಿಕ ಮರ

ಬಿಳಿ ತೊಗಟೆಯ, ನೆಟ್ಟಗಿನ, ಒಂದೇ ಎತ್ತರದ ಮರಗಳ ಗುಂಪು ಕಂಡರೆ ಅದು ರೆಡ್ ಆಲ್ಡರ್. ಮೊದಲ ಸಲ ನಾನು ಅದನ್ನು ಬರ್ಚ್ ಎಂದುಕೊಂಡು ಜೊತೆಗಿದ್ದವರಿಗೂ ಹಾಗೇ ಹೇಳಿಬಿಟ್ಟಿದ್ದೆ. ಆ ಬಿಳುಪು ಮರದ್ದಲ್ಲ, ತೊಗಟೆಗೆ ಅಂಟಿದ ಕಲ್ಲುಹೂವಿನದ್ದು. ಬಿದ್ದ ಕೊಂಬೆಯೊಂದರ ತೊಗಟೆಯನ್ನು ಉಗುರಿನಿಂದ ಕೆರೆದು ಸ್ವಲ್ಪ ಹೊತ್ತು ಕಾಯಿರಿ. ಒಳಗಿನ ಪದರ ಕಿತ್ತಳೆಗೆಂಪಿಗೆ ತಿರುಗುತ್ತದೆ. ಎಲೆಯ ಅಂಚನ್ನು ಬೆರಳಲ್ಲಿ ಸವರಿದರೆ ಸೀರೆಯ ಅಂಚು ಮಡಿಸಿ ಹೊಲಿದಂತೆ ಕೆಳಕ್ಕೆ ಸುರುಳಿಗೊಂಡಿರುವುದು ಗೊತ್ತಾಗುತ್ತದೆ. ಈ ಎರಡು ಗುರುತು ಸಿಕ್ಕಿದರೆ ತಪ್ಪಾಗುವ ಭಯವಿಲ್ಲ.

ಆಲ್ಡರ್‌ನ ಬೀಜ ತೀರಾ ಹಗುರ, ಗಾಳಿಯಲ್ಲಿ ದೂರ ಹೋಗುತ್ತದೆ. ಆದರೆ ಮೊಳೆಯಲು ಅದಕ್ಕೆ ಬೋಳು ಮಣ್ಣು, ಬಿಸಿಲು, ತೇವ ಮೂರೂ ಬೇಕು. ಧರೆ ಜಾರಿದರೆ ಮೂರೂ ಒಟ್ಟಿಗೇ ಸಿಗುತ್ತವೆ. ಹಸಿ ಜೇಡಿಯಲ್ಲಿ ಸಾರಜನಕ ಇಲ್ಲವಲ್ಲ ಎಂದರೆ, ಅದಕ್ಕೂ ಆಲ್ಡರ್ ಸಿದ್ಧ: ಬೇರಿನ ಗಂಟುಗಳಲ್ಲಿರುವ ಫ್ರಾಂಕಿಯಾ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತದೆ. ಎಲೆಗಳು ಹಣ್ಣಾಗುವ ಗೋಜಿಗೆ ಹೋಗದೆ ಹಸಿರಾಗಿಯೇ ಉದುರಿ, ಆ ಗೊಬ್ಬರವನ್ನು ನೆಲಕ್ಕೆ ಸೇರಿಸುತ್ತವೆ.

ನಮ್ಮ ಲೆಕ್ಕಕ್ಕೆ ಮುಖ್ಯವಾದದ್ದು ಇಷ್ಟು: ಒಂದೇ ಕುಸಿತದ ಮೇಲೆ ಹುಟ್ಟಿದ ಆಲ್ಡರ್‌ಗಳು ಹೆಚ್ಚುಕಡಿಮೆ ಓರಗೆಯವು. ಅಲ್ಲೇ ಮುರಿದುಬಿದ್ದ ಒಂದು ಮರದ ಬುಡದ ಹತ್ತಿರ ವಾರ್ಷಿಕ ಉಂಗುರ ಎಣಿಸಿ, ಬಿದ್ದಾಗಿನಿಂದ ಕಳೆದ ವರ್ಷಗಳನ್ನು ಅಂದಾಜಿಸಿ, ಮೊಳಕೆಗೆ ಒಂದೆರಡು ವರ್ಷ ಸೇರಿಸಿದರೆ ಕುಸಿತದ ಕಾಲ ಸಿಗುತ್ತದೆ. ಉಂಗುರಗಳು ಡಗ್ಲಾಸ್ ಫರ್‌ನಷ್ಟು ಎದ್ದು ಕಾಣುವುದಿಲ್ಲ. ಒದ್ದೆ ಮಾಡಿ ನೋಡಿ. ನಿಂತ ಮರಕ್ಕೆ ಕೈ ಹಚ್ಚಬೇಡಿ. ಆಲ್ಡರ್ 60–70 ವರ್ಷಕ್ಕೇ ಮುಪ್ಪಾಗಿ, 100 ದಾಟುವುದು ಅಪರೂಪ. ಹಾಗಾಗಿ ಈ ಪಂಚಾಂಗದಲ್ಲಿ ಒಂದು ಶತಮಾನಕ್ಕಿಂತ ಹಿಂದಿನ ಪುಟಗಳಿಲ್ಲ.

ಎಳೆಯ ಆಲ್ಡರ್‌ಗಳ ನಡುವೆ ಒಂದು ಮುದಿ ಬಿಗ್‌ಲೀಫ್ ಮೇಪಲ್ ನಿಂತಿದ್ದರೆ ಲೆಕ್ಕ ತಪ್ಪಿತೆಂದು ಗಾಬರಿಯಾಗಬೇಕಿಲ್ಲ. ಮೈತುಂಬ ಪಾಚಿ, ಪಾಚಿಯಲ್ಲಿ ಲಿಕೊರಿಸ್ ಜರಿಗಿಡ, ಊಟದ ತಟ್ಟೆಯಗಲದ ಎಲೆ, ಇದು ಮೇಪಲ್‌ನ ಚಹರೆ. ಮಣ್ಣಿನ ದೊಡ್ಡ ಹೆಂಟೆ ಹಾಗೇ ಕೆಳಗೆ ಸರಿದಾಗ ಅದರ ಮೇಲಿನ ಮರ ನಿಂತ ನಿಲುವಿನಲ್ಲೇ ಇಳಿದು ಬರುವುದುಂಟು. ಮುರಿದರೂ ಬುಡದಿಂದ ನಾಲ್ಕಾರು ಕವಲು ಒಟ್ಟಿಗೆ ಚಿಗುರಿಸಿ ಬದುಕುತ್ತದೆ.

ಕಾಲ ಕೆಳಗಿನ ಗಿಡಗಳು

ಇವು ವರ್ಷ ಹೇಳುವುದಿಲ್ಲ, ನೀರು ಎಲ್ಲಿದೆ ಎಂದು ಹೇಳುತ್ತವೆ. ಇಳಿಜಾರಿನ ನಡುವೆ ಅಡ್ಡಗೆರೆ ಎಳೆದಂತೆ ದೈತ್ಯ ಹಾರ್ಸ್‌ಟೇಲ್ ಸಾಲುಗಟ್ಟಿದ್ದರೆ ಒರತೆಯ ಗೆರೆ ಅಲ್ಲೇ ಎಂದುಕೊಳ್ಳಿ. ಬಾಟಲಿ ತೊಳೆಯುವ ಕುಂಚದಂಥ, ಗೆಣ್ಣುಗೆಣ್ಣಾದ ಗಿಡ ಅದು. ಗುಲಾಬಿ ಹೂವಿನ ಸಾಲ್ಮನ್‌ಬೆರಿ ಪೊದೆಯೂ ಒದ್ದೆ ನೆಲದ್ದೇ. ಬರೀ ಸೋರ್ಡ್ ಜರಿಗಿಡ ಹರಡಿದ್ದರೆ ತೇವವಿದ್ದೂ ನೀರು ಬಸಿದುಹೋಗುವ ಜಾಗ. ಹಿಮಾಲಯನ್ ಬ್ಲ್ಯಾಕ್‌ಬೆರಿ ಮತ್ತು ಇಂಗ್ಲಿಷ್ ಐವಿ ಯಾವ ಸಾಕ್ಷ್ಯವನ್ನೂ ಕೊಡುವುದಿಲ್ಲ. ಹೊರಗಿನಿಂದ ಬಂದು ಎಲ್ಲವನ್ನೂ ಮುಚ್ಚಿಹಾಕುತ್ತವೆ ಅಷ್ಟೆ. ಅಂದಹಾಗೆ, ಹೆಸರಿಗಷ್ಟೇ ಹಿಮಾಲಯ, ಅದರ ತವರು ಆರ್ಮೇನಿಯಾದ ಕಡೆ.

ಬಾಗಿದ ಬುಡ

ನೆಲ ನಿಧಾನವಾಗಿ ಜರುಗಿದರೆ ಮರ ವಾಲುತ್ತದೆ, ತುದಿ ಮತ್ತೆ ನೆಟ್ಟಗೆ ಮೇಲೇಳುತ್ತದೆ; ಬುಡ ಕುಡುಗೋಲಿನಂತೆ ಬಾಗುತ್ತದೆ. ಆದರೆ ಆಲ್ಡರ್ ಒಂದನ್ನೇ ನಂಬಬೇಡಿ, ಅದು ಬೆಳಕಿಗಾಗಿಯೂ ಕಡಲ ಕಡೆ ಬಾಗುತ್ತದೆ. ಪಕ್ಕದ ಸೀಡರ್‌ನ ಬುಡವೂ ಅದೇ ದಿಕ್ಕಿಗೆ ಬಾಗಿದ್ದರೆ ಮಾತಿಗೆ ತೂಕ ಬರುತ್ತದೆ. ಆಲ್ಡರ್ ನೆರಳಿನಲ್ಲಿ ಸೀಡರ್, ಹೆಮ್ಲಾಕ್ ಸಸಿಗಳು ಎದ್ದಿದ್ದರೆ ಅಲ್ಲಿ ಕೆಲವು ದಶಕ ಶಾಂತವಾಗಿತ್ತೆಂದು ಅರ್ಥ.

ಕೊನೆಗೆ ಧರೆಯ ಬುಡ ನೋಡಿ. ಜಾರಿಬಂದ ಮಣ್ಣು ಬೀಸಣಿಗೆಯಂತೆ ಹರಡಿ ಇನ್ನೂ ಉಳಿದಿದೆಯೇ, ಅಥವಾ ಅಲೆಗಳು ಅದನ್ನು ಒಯ್ದು ಬುಡವನ್ನು ಮತ್ತೆ ಕಡಿದಾಗಿಸಿವೆಯೇ? ಹಾಗೆ ಹೋದ ಮರಳು, ಸಣ್ಣ ಜಲ್ಲಿ ಪಕ್ಕದ ದಂಡೆಗಳನ್ನು ಸೇರುತ್ತದೆ; ಸರ್ಫ್ ಸ್ಮೆಲ್ಟ್ ಎಂಬ ಪುಟ್ಟ ಮೀನು ಮೊಟ್ಟೆಯಿಡುವುದು ಅದರಲ್ಲೇ, ಬಾಗಿನಿಂತ ಮರಗಳ ನೆರಳು ಆ ಮೊಟ್ಟೆಗಳನ್ನು ತಂಪಾಗಿಡುತ್ತದೆ. ದಡಕ್ಕೆ ಉರುಳಿದ ಆಲ್ಡರ್‌ಗಳನ್ನು ಎಣಿಸಿ, ನಿಂತ ಜಾಗಕ್ಕೊಂದು ಗುರುತು ಮಾಡಿಕೊಂಡು ಒಂದು ಫೋಟೊ ತೆಗೆಯಿರಿ. ಮುಂದಿನ ಏಪ್ರಿಲ್‌ನಲ್ಲಿ ಅದೇ ಗುರುತಿನ ಮೇಲೆ ನಿಂತು ಇನ್ನೊಂದು ತೆಗೆದು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.