ಓಸ್ಲೋ ಸುತ್ತೋದು ಹೇಗೆ: ಒಂದೇ ಟಿಕೆಟ್‌ನಲ್ಲಿ ದ್ವೀಪ, ಕಾಡು, ಪಾರ್ಕು

ನಾರ್ವೆಯ ರಾಜಧಾನಿ ಓಸ್ಲೋ ದುಬಾರಿ ಊರು, ನಿಜ. ಆದರೆ ಅಲ್ಲಿ ನೋಡಲೇಬೇಕಾದ ಜಾಗಗಳು ಜಾಸ್ತಿ ಇರೋದು ಬಯಲಲ್ಲಿ, ಅವುಗಳಲ್ಲಿ ಬಹುತೇಕ ಕಡೆ ಒಳಗೆ ಹೋಗೋಕೆ ದುಡ್ಡು ಕೊಡಬೇಕಾಗಿಲ್ಲ. ಹಾಗಾಗಿ ಮೊದಲು ಫೋನಿಗೆ ಅಲ್ಲಿನ ಸಾರಿಗೆ ಸಂಸ್ಥೆಯ ರೂಟರ್ (Ruter) ಆ್ಯಪ್ ಹಾಕಿಕೊಂಡು ವಲಯ 1ರ, ಅಂದರೆ ಊರೊಳಗಿನ, 24 ಗಂಟೆ ಟಿಕೆಟ್ ತಗೊಳ್ಳಿ. ಮೆಟ್ರೋ, ಟ್ರಾಮ್, ಬಸ್ಸಿಗಷ್ಟೇ ಅಲ್ಲ, ದ್ವೀಪಗಳಿಗೆ ಹೋಗುವ ದೋಣಿಗೂ ಅದೇ ನಡೆಯುತ್ತದೆ. ವಿಮಾನ ನಿಲ್ದಾಣ ಮಾತ್ರ ಈ ವಲಯದ ಹೊರಗಿದೆ, ನೆನಪಿರಲಿ.

ಬಿಸಿಲಿದ್ದರೆ ಬೇರೆಲ್ಲ ಬಿಟ್ಟು ದ್ವೀಪಕ್ಕೆ ಹೋಗಿ. ಸಿಟಿ ಹಾಲ್ ಮುಂದಿನ ದಡದಲ್ಲಿ ಪ್ರವಾಸಿಗರ ದೋಣಿಗಳೂ ಇರುತ್ತವೆ, ಅವಕ್ಕೆ ರೇಟು ಬೇರೆ. ನೀವು ಊರಿನವರು ಹತ್ತುವ ಮಾಮೂಲಿ ದೋಣಿ ಹತ್ತಿ, ಫ್ಯೋರ್ಡ್ (ನೆಲದೊಳಗೆ ಚಾಚಿಕೊಂಡ ಸಮುದ್ರ) ಅದೇ ಅಲ್ವಾ? ಹೊವೆಡೊಯಾ ದ್ವೀಪ ತೀರಾ ಹತ್ತಿರ, ಕೆಲವೇ ನಿಮಿಷ. ಅಲ್ಲಿ 1147ರಲ್ಲಿ ಇಂಗ್ಲೆಂಡಿನಿಂದ ಬಂದ ಸನ್ಯಾಸಿಗಳು ಕಟ್ಟಿದ ಮಠದ ಪಾಳುಗೋಡೆಗಳಿವೆ, ಅವನ್ನು ನೋಡಿಕೊಂಡು ಕಾಡಿನ ದಾರಿಯಲ್ಲಿ ಆಚೆ ದಡಕ್ಕೆ ನಡೆದರೆ ಈಜಬಹುದು. ಊಟ ಸೂಪರ್‌ಮಾರ್ಕೆಟ್‌ನಿಂದ ಕಟ್ಟಿಸಿಕೊಳ್ಳಿ. ನೀರಿಗೆ ದುಡ್ಡು ಹಾಕಬೇಡಿ, ನಲ್ಲಿ ನೀರೇ ಚೆನ್ನಾಗಿದೆ, ಬಾಟಲಿಗೆ ತುಂಬಿಕೊಂಡು ಹೊರಡಿ. ವಾಪಸ್ ಬರುವ ಕೊನೆ ದೋಣಿ ಎಷ್ಟೊತ್ತಿಗೆ ಅಂತ ಇಳಿಯುವ ಮೊದಲೇ ನೋಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ 10 ದಾಟಿದರೂ ಬೆಳಕಿರುತ್ತದೆ, ಹೊತ್ತಾದದ್ದೇ ಗೊತ್ತಾಗಲ್ಲ.

ಸಂಜೆ ಒಪೆರಾ ಹೌಸ್ ಚಾವಣಿ ಹತ್ತಿ. 2008ರಲ್ಲಿ ತೆರೆದ ಈ ಕಟ್ಟಡದ ಬಿಳಿ ಅಮೃತಶಿಲೆಯ ಚಾವಣಿ ನೀರಿನ ಅಂಚಿಗೇ ಇಳಿಯುತ್ತದೆ, ಯಾರು ಬೇಕಾದರೂ ನಡೆದುಕೊಂಡು ಮೇಲೆ ಹೋಗಬಹುದು. ಮಳೆ, ಹಿಮ ಬಿದ್ದಾಗ ಮಾತ್ರ ವಿಪರೀತ ಜಾರುತ್ತದೆ.

ವಿಗೆಲಾಂಡ್ ಪಾರ್ಕಿಗೆ ಬೆಳಿಗ್ಗೆ ಬೇಗ ಹೋಗಿ. ಹಗಲು ರಾತ್ರಿ ತೆರೆದೇ ಇರುತ್ತದೆ. ಮೆಟ್ರೋದಲ್ಲಿ ಮಯೋರ್‌ಸ್ಟುವೆನ್‌ನಲ್ಲಿ ಇಳಿದು ನಡೆದರಾಯಿತು. ಗುಸ್ತಾವ್ ವಿಗೆಲಾಂಡ್‌ನ 200ಕ್ಕೂ ಹೆಚ್ಚು ಶಿಲ್ಪಗಳಿವೆ. ಎಲ್ಲರೂ ಸೇತುವೆ ಮೇಲಿನ ಸಿಟ್ಟಿನ ಹುಡುಗನ ಮುಂದೆ ಮುಗಿಬೀಳುತ್ತಾರೆ, ಮುಟ್ಟಿ ಮುಟ್ಟಿ ಅವನ ಎಡಗೈ ಹೊಳೆಯುತ್ತಿರುತ್ತದೆ. ನೀವು ಅಲ್ಲೇ ನಿಲ್ಲದೆ ಮೇಲೆ ಕಂಬದ ತನಕ ಹೋಗಿ. ಒಂದೇ ಕಲ್ಲಿನಲ್ಲಿ 121 ಮನುಷ್ಯರು, ಒಬ್ಬರ ಮೇಲೊಬ್ಬರು ಹತ್ತುತ್ತಾ, ಒಬ್ಬರನ್ನೊಬ್ಬರು ಹಿಡಿದುಕೊಂಡು. ಮೂವರು ಶಿಲ್ಪಿಗಳು ಸುಮಾರು 14 ವರ್ಷ ಕೆತ್ತಿದ್ದಾರೆ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಪ್ರತಿ ಬದಿಯಲ್ಲೂ ಬೇರೆ ಮುಖಗಳು ಕಾಣುತ್ತವೆ.

ಆಮೇಲೆ ಕಾಡು. ಮೆಟ್ರೋ 1ನೇ ಲೈನ್ ಹತ್ತಿ ಕೊನೆಯ ನಿಲ್ದಾಣ ಫ್ರೋಗ್ನರ್‌ಸೇಟೆರೆನ್‌ನಲ್ಲಿ ಇಳಿಯಿರಿ, ದಾರಿಯಲ್ಲೇ ಹೊಲ್ಮೆನ್‌ಕೊಲೆನ್‌ನ ಸ್ಕೀ ಜಿಗಿತದ ಗೋಪುರ ಸಿಗುತ್ತದೆ. ಆ ಕೊನೆಯ ನಿಲ್ದಾಣದಿಂದ ಸೋಗ್ನ್ಸ್‌ವಾನ್ ಕೆರೆ ತನಕ ಕಾಡಿನಲ್ಲಿ ಇಳಿದು, 5ನೇ ಲೈನ್‌ನಲ್ಲಿ ಊರಿಗೆ ವಾಪಸಾಗಿ. ಮರಗಳ ಮೇಲೆ ನೀಲಿ ಬಣ್ಣ ಕಂಡರೆ ಅದು ನಡೆಯುವ ದಾರಿ, ಕೆಂಪು ಸ್ಕೀ ದಾರಿ. ಬೇಸಿಗೆಯಲ್ಲಿ ನೀಲಿ ಬಿಡಬೇಡಿ. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವ ಹಾಗಿಲ್ಲ.

ಚಳಿಗಾಲದಲ್ಲಿ ಹೋಗುವವರು ಹಗಲಿನ ಕೆಲಸ ಬೇಗ ಮುಗಿಸಿಕೊಳ್ಳಿ, ಡಿಸೆಂಬರ್‌ನಲ್ಲಿ ಮಧ್ಯಾಹ್ನ 3 ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಹಿಮ ಬಿದ್ದಿದ್ದರೆ ಫ್ರೋಗ್ನರ್‌ಸೇಟೆರೆನ್‌ನಲ್ಲಿ ಜಾರುಬಂಡಿ ಬಾಡಿಗೆಗೆ ತಗೊಂಡು ಕೋರ್ಕೆಟ್ರೆಕೆರೆನ್ ದಾರಿಯಲ್ಲಿ ಸುಮಾರು 2 ಕಿಲೋಮೀಟರ್ ಕೆಳಗೆ ಜಾರಿ. ಕೆಳಗೆ ಮಿಡ್‌ಸ್ಟುವೆನ್‌ನಲ್ಲಿ ಜಾರುಬಂಡಿ ಸಮೇತ ಮೆಟ್ರೋ ಹತ್ತಿದರೆ, ಅದೇ 24 ಗಂಟೆ ಟಿಕೆಟ್‌ನಲ್ಲಿ ಮತ್ತೆ ಮೇಲೆ.