ಅಕ್ಟೋಬರ್ 31ರ ಸಂಜೆ ಬಾಗಿಲ ದೀಪ ಹಾಕಿಡಿ

ನ್ಯೂಜೆರ್ಸಿಗೆ ಬಂದ ಮೊದಲ ವರ್ಷ, ಅಕ್ಟೋಬರ್ 31ರ ಸಂಜೆ ನಮ್ಮ ಮನೆ ಬೆಲ್ ಆಯಿತು. ಬಾಗಿಲು ತೆಗೆದರೆ ಜೇನುನೊಣದ ವೇಷ ಹಾಕಿದ ಪುಟ್ಟ ಹುಡುಗಿ, ಕೈಯಲ್ಲಿ ದಿಂಬಿನ ಕವರ್. ಹಿಂದೆ ಕತ್ತಲಲ್ಲಿ ಅವಳ ಅಪ್ಪ. ಮನೆಯಲ್ಲಿ ಒಂದು ಚಾಕಲೇಟೂ ಇರಲಿಲ್ಲ. ದೇವರ ಮುಂದಿದ್ದ ಬಾಳೆಹಣ್ಣು ತಂದುಕೊಟ್ಟೆ. ಥ್ಯಾಂಕ್ಯೂ ಅಂದು ಓಡಿದಳು. ಆಮೇಲೆ ಬಂದವರಿಗೆ ಕೊಡಲು ಏನೂ ಇಲ್ಲದೆ ದೀಪ ಆರಿಸಿ ಕೂತೆವು. ಆ ಬೇಜಾರು ನಿಮಗೆ ಬೇಡ.

ಅವತ್ತು ಹ್ಯಾಲೋವೀನ್, ಮಕ್ಕಳು ವೇಷ ಹಾಕಿ ಮನೆಮನೆಗೆ ಮಿಠಾಯಿ ಕೇಳಿಕೊಂಡು ಬರುವ ಹಬ್ಬ. ಈ ದೆವ್ವದ ಹಬ್ಬ ನಮಗ್ಯಾಕೆ ಅಂತ ತುಂಬ ಜನ ಕೇಳುತ್ತಾರೆ. ಇದರ ಬೇರು ಐರ್ಲೆಂಡ್ ಕಡೆಯದು. ಸುಗ್ಗಿ ಮುಗಿದು ಚಳಿ ಕಾಲಿಡುವಾಗ ಅಲ್ಲಿನ ಕೆಲ್ಟ್ ಜನ ‘ಸಾವಿನ್’ ಹಬ್ಬ ಮಾಡುತ್ತಿದ್ದರು. (ನಮ್ಮ ‘ಸಾವಿ’ಗೂ ಆ ಹೆಸರಿಗೂ ನಂಟಿಲ್ಲ.) ಆ ರಾತ್ರಿ ಸತ್ತವರು ಮನೆ ಕಡೆ ಬರುತ್ತಾರೆ ಅನ್ನುವುದು ನಂಬಿಕೆ. ಮುಂದೆ ಚರ್ಚು ನವೆಂಬರ್ 1ನ್ನು ಎಲ್ಲ ಸಂತರ ದಿನ ಮಾಡಿತು. ಅದರ ಹಿಂದಿನ ಸಂಜೆ ‘ಆಲ್ ಹ್ಯಾಲೋಸ್ ಈವ್’. ಜನರ ಬಾಯಲ್ಲಿ ಸವೆದು ಹ್ಯಾಲೋವೀನ್ ಆಯಿತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಮಗೆ ಇದು ಅಷ್ಟೇನೂ ದೂರದ್ದಲ್ಲ, ಅಲ್ವಾ? ವೇಷ ಹಾಕಿ ಮನೆಮನೆಗೆ ಹೋಗುವುದಂತೂ ಆಟಿ ಕಳೆಂಜನನ್ನು ನೋಡಿ ಬೆಳೆದ ತುಳುನಾಡಿನವರಿಗೆ ಹೊಸತೇ ಅಲ್ಲ.

ಐರಿಷ್ ಜನ ಟರ್ನಿಪ್ ಗಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. 1840ರ ದಶಕದ ಬರಗಾಲದಲ್ಲಿ ಲಕ್ಷಾಂತರ ಮಂದಿ ಅಮೆರಿಕಕ್ಕೆ ಬಂದರು. ಇಲ್ಲಿ ದೊಡ್ಡ ಕುಂಬಳಕಾಯಿ ಸಿಕ್ಕಿತು. ಕೊರೆಯುವುದಕ್ಕೂ ಅದೇ ಸುಲಭ.

ನೀವೂ ಒಂದು ಕೊರೆಯಿರಿ. ಮುಚ್ಚಳವನ್ನು ಚಾಕು ಓರೆ ಹಿಡಿದು ಕತ್ತರಿಸಿ. ನೆಟ್ಟಗೆ ಕತ್ತರಿಸಿದರೆ ಒಳಗೆ ಬೀಳುತ್ತದೆ. ತಿರುಳನ್ನು ಸೌಟಿನಿಂದ ಚೆನ್ನಾಗಿ ಕೆರೆಯಿರಿ. ಬೀಜ ತೊಳೆದು, ಉಪ್ಪು ಖಾರ ಹಚ್ಚಿ ಹುರಿದರೆ ಮಕ್ಕಳು ಬಿಡುವುದಿಲ್ಲ. ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಕೊರೆದರೆ ಸಾಕು, ಮೊದಲೇ ಕೊರೆದರೆ ಕೊಳೆಯುತ್ತದೆ. ಹುಳಿಗೆ ಮಾತ್ರ ಈ ಕಾಯಿ ಬೇಡ. ನೀರು ಜಾಸ್ತಿ, ರುಚಿ ಕಮ್ಮಿ.

ಕೊಡುವುದು ಅಂಗಡಿಯ, ಒಂದೊಂದೇ ಸುತ್ತಿಟ್ಟ ಮಿಠಾಯಿ. ನಿಮ್ಮ ಕೊಬ್ಬರಿ ಮಿಠಾಯಿ ಎಷ್ಟೇ ಚೆನ್ನಾಗಿರಲಿ, ಗುರುತಿಲ್ಲದ ಮನೆಯ ತಿಂಡಿಯನ್ನು ಇಲ್ಲಿನ ಅಪ್ಪ ಅಮ್ಮ ಮಕ್ಕಳಿಗೆ ಕೊಡುವುದಿಲ್ಲ. ಕಡಲೆಬೀಜ ಆಗದ ಮಕ್ಕಳಿಗೆಂದು ಬೇರೆ ಬುಟ್ಟಿಯಲ್ಲಿ ಪೆನ್ಸಿಲ್, ಸ್ಟಿಕ್ಕರ್ ಇಡಿ. ಅಂಥದ್ದು ಇದೆ ಅನ್ನುವುದಕ್ಕೆ ಬಾಗಿಲ ಮುಂದಿಟ್ಟ, ಹಸಿರು ಕಲೆತ ನೀಲಿ ಬಣ್ಣದ ಕುಂಬಳಕಾಯಿಯೇ ಗುರುತು. ನಿಮ್ಮ ಮಕ್ಕಳು ತಂದ ಚೀಲವನ್ನೂ ಒಮ್ಮೆ ನೋಡಿ. ಮಾಂಸ ತಿನ್ನದವರು ಗಮನಿಸಿ: ಗಮ್ಮಿ, ಮಾರ್ಷ್‌ಮ್ಯಾಲೋ, ಕ್ಯಾಂಡಿ ಕಾರ್ನ್‌ನಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಅದು ಪ್ರಾಣಿಯ ಚರ್ಮ, ಮೂಳೆಯಿಂದ ಮಾಡಿದ್ದು.

ವೇಷದ ಒಳಗೆ ಬೆಚ್ಚಗಿನ ಬಟ್ಟೆ, ಕೈಗೆ ಟಾರ್ಚ್. ದೀಪ ಹಾಕಿರುವ ಮನೆಗೆ ಮಾತ್ರ ಹೋಗಬೇಕು. ದೀಪ ಇಲ್ಲದಿದ್ದರೆ ಸುಮ್ನೆ ಮುಂದಕ್ಕೆ. ನಮ್ಮ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ‘ಮಿಸ್ಚಿಫ್ ನೈಟ್’. ಹುಡುಗರು ಮನೆಗೆ ಮೊಟ್ಟೆ ಹೊಡೆಯುವುದುಂಟು, ಮರಕ್ಕೆ ಟಾಯ್ಲೆಟ್ ಪೇಪರ್ ಸುತ್ತುವುದುಂಟು. ನಿಮ್ಮ ಮೇಲಿನ ದ್ವೇಷ ಅಂತ ಗಾಬರಿಯಾಗಬೇಡಿ.

ವರ್ಷವಿಡೀ ಕೈ ಬೀಸಿ ಹೋಗುವ ಅಕ್ಕಪಕ್ಕದವರು ತಾವಾಗಿ ನಿಮ್ಮ ಬಾಗಿಲಿಗೆ ಬರುವ ಸಂಜೆ ಇದು. ಮಕ್ಕಳಿಗೆ ಬುಟ್ಟಿ ಹಿಡಿಯಿರಿ, ಹಿಂದೆ ನಿಂತ ಅಪ್ಪ ಅಮ್ಮನ ಹೆಸರು ಕೇಳಿ. ಆ ಜೇನುನೊಣದ ಮನೆಯವರು ಮರುವರ್ಷವೂ ಬಂದರು. ಅವತ್ತು ನಮ್ಮ ಹತ್ತಿರ ಚಾಕಲೇಟ್ ಇತ್ತು. ಆದರೂ ಅವಳು, ‘ಬಾಳೆಹಣ್ಣು ಇಲ್ವಾ?’ ಅಂತ ಕೇಳಿದಳು.